ಮಾತಾಡುವಾಗ ಇಳಿದ ಮಾಸ್ಕ್

ಇದು ಮಧುಗಿರಿ ತಾಲ್ಲೂಕು ಐ.ಡಿ.ಹಳ್ಳಿ ಹೋಬಳಿಯ ಒಂದು ಊರಿನ ಕಥೆ. ಊರಿನ ಹೆಸರು ಬೇಡ. ಹೆಸರು ಹೇಳಿದರೆ, “ಓ, ಅದು ಆ ಊರಿನವರ ಪಾಡು, ನಮಗೇನು” ಎಂದು ಸೆರಗು ಕೊಡವಿಕೊಂಡು ಎದ್ದು ಹೋಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಿಮ್ಮ ಊರೇ ಎಂದುಕೊಂಡು ಕೇಳಿ.

ಕೊರೊನಾದ ಎರಡನೆಯ ಅಲೆ ಇಳಿದಿತ್ತು. ಇಳಿಯುವಾಗ ಸುಮ್ಮನೆ ಇಳಿಯಲಿಲ್ಲ, ಕೇರಿಗೊಬ್ಬರಂತೆ ಎತ್ತಿಕೊಂಡು ಹೋಗಿತ್ತು. ಉಳಿದವರು ಒಬ್ಬರನ್ನೊಬ್ಬರು ಕಂಡರೆ ನಗುವುದಕ್ಕೂ ಯೋಚನೆ ಮಾಡುತ್ತಿದ್ದರು. ಮಕ್ಕಳು ಒಂದೂವರೆ ವರ್ಷದಿಂದ ಶಾಲೆಯ ಬಾಗಿಲನ್ನು ಸರಿಯಾಗಿ ನೋಡಿರಲಿಲ್ಲ. ಅವರಲ್ಲಿ ದೊಡ್ಡವರು ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದರು, ಚಿಕ್ಕವರು ಕಲಿತ ಅಕ್ಷರವನ್ನೂ ಮರೆತು ಕುರಿಮರಿಗಳ ಹಿಂದೆ ಅಲೆಯುತ್ತಿದ್ದರು.

ಆ ಊರಿನಲ್ಲಿ ಬೈರಪ್ಪ ಎಂದರೆ ಒಂದು ತೂಕ. ರಾಗಿ, ಕಡಲೆಕಾಯಿ ಬೆಳೆಯುವ ಮನುಷ್ಯ. ಜೊತೆಗೆ ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ಶಾಲೆಗೆ ಕಾಂಪೌಂಡು ಬಂದದ್ದು, ನಲ್ಲಿ ಬಂದದ್ದು ಅವನು ಮಧುಗಿರಿಯ ಆಫೀಸುಗಳಿಗೆ ಚಪ್ಪಲಿ ಸವೆಸಿದ್ದರಿಂದ. ಹಾಗಾಗಿ ಶಾಲೆಯ ವಿಷಯದಲ್ಲಿ ಅವನು ಒಂದು ಮಾತು ಹೇಳಿದರೆ ಊರು ಎರಡು ಮಾತಾಡುತ್ತಿರಲಿಲ್ಲ.

ಮನೆಯಲ್ಲಿ ಅವನ ಹೆಂಡತಿ ಕೆಂಚಮ್ಮ, ಸೊಸೆ ಆಶಾರಾಣಿ, ಏಳನೇ ತರಗತಿಯ ಮೊಮ್ಮಗಳು ಶೃತಿ. ಮಗ ರಂಗೇಶ್ ತುಮಕೂರಿನ ಹತ್ತಿರದ ಕಾರ್ಖಾನೆಯಲ್ಲಿದ್ದು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಕೆಂಚಮ್ಮನಿಗೆ ಮೊದಲಿನಿಂದ ಉಬ್ಬಸ. ಚಳಿ ಬಿದ್ದರೆ, ಧೂಳು ಎದ್ದರೆ ಅವಳ ಎದೆ ಸೀಟಿ ಹೊಡೆಯುತ್ತಿತ್ತು. ಮಧುಗಿರಿಯ ಡಾಕ್ಟರು ಬೈರಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: “ನೋಡಪ್ಪ, ನಿನ್ನ ಹೆಂಡತಿಗೆ ಮಾತ್ರ ಆ ಕಾಯಿಲೆ ತಗುಲಬಾರದು. ತಗುಲಿದರೆ ಆ ಶ್ವಾಸಕೋಶ ತಡೆಯೋದು ಕಷ್ಟ.”

ಅಂದಿನಿಂದ ಬೈರಪ್ಪ ಹೆಂಡತಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ. ಮದುವೆಗೆ ಕಳಿಸಲಿಲ್ಲ, ಸಂತೆಗೆ ಕಳಿಸಲಿಲ್ಲ. ಬಂದ ನೆಂಟರನ್ನು ಜಗಲಿಯ ಮೇಲೇ ಕೂರಿಸಿ ಅಲ್ಲಿಂದಲೇ ಬೀಳ್ಕೊಟ್ಟ. ಮಗ ಊರಿಗೆ ಬಂದರೂ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ ಮಲಗಿಸಿದ. ಒಂದನ್ನು ಮಾತ್ರ ಅವನು ಮಾಡಲಿಲ್ಲ. ಮೊದಲ ಲಸಿಕೆ ಹಾಕಿಸಿದಾಗ ಕೆಂಚಮ್ಮನಿಗೆ ಎರಡು ದಿನ ಜ್ವರ ಬಂದಿತ್ತು. ಅದಕ್ಕೆ ಹೆದರಿ ಎರಡನೆಯದನ್ನು “ಉಬ್ಬಸ ಕಮ್ಮಿ ಆಗ್ಲಿ, ಆಮೇಲೆ ನೋಡಾನ” ಎಂದು ಮುಂದಕ್ಕೆ ತಳ್ಳುತ್ತಲೇ ಬಂದ.

ಕೆಂಚಮ್ಮ ನಗುತ್ತಿದ್ದಳು. “ಬಳೆಗಾರ್ತಿನೂ ಬರಂಗಿಲ್ಲ, ತವರು ಮನೇರೂ ಬರಂಗಿಲ್ಲ. ಇನ್ನೇನು ಉಳೀತು? ನನ್ನ ರಾಗಿ ತುಂಬೋ ವಾಡೇಲಿ ಕೂರ್ಸಿ ಮ್ಯಾಲೆ ಮುಚ್ಚಳ ಹಾಕ್ಬುಡು.”

“ಸುಮ್ಕಿರಮ್ಮಿ. ನೀನಿದ್ರೆ ಮನೆ. ನೀನಿಲ್ದೆ ನಾನೇನ್ ಮಾಡ್ಲಿ?” ಎನ್ನುತ್ತಿದ್ದ ಬೈರಪ್ಪ. ಇಂಥ ಮಾತನ್ನು ಅವನು ಹೊರಗೆ ಯಾರೆದುರೂ ಆಡಿದವನಲ್ಲ.

ಗೌರಿ ಹಬ್ಬದ ಆಸುಪಾಸಿನಲ್ಲಿ ದೊಡ್ಡ ಮಕ್ಕಳಿಗೆ ಶಾಲೆ ತೆರೆಯಿತು. ಬಾಗಿಲಿಗೆ ಮಾವಿನ ತೋರಣ, ಮಕ್ಕಳ ಕೈಗೆ ಒಂದೊಂದು ಹೂವು, ಮುಖಕ್ಕೆ ಒಂದೊಂದು ಮಾಸ್ಕ್. ಆಶಾರಾಣಿಯೇ ತನ್ನ ಹೊಲಿಗೆ ಯಂತ್ರದಲ್ಲಿ ಹತ್ತಿ ಬಟ್ಟೆಯನ್ನು ಪದರ ಪದರವಾಗಿ ಇಟ್ಟು ಮಗಳಿಗೆ ಮಾಸ್ಕ್ ಹೊಲಿದು ಕೊಟ್ಟಿದ್ದಳು. ಅಧ್ಯಕ್ಷ ಬೈರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಮಧುಗಿರಿಯಿಂದ ದಿನಾ ಬಸ್ಸಿನಲ್ಲಿ ಬರುವ ಭುವನಾ ಟೀಚರು ಅವನನ್ನು ಏಳನೇ ತರಗತಿಗೆ ಕರೆದುಕೊಂಡು ಹೋದರು. ಮಕ್ಕಳೆಲ್ಲ ಎದ್ದು ನಿಂತರು.

“ಏನವ್ವಾ, ಪುಸ್ತಕ ಎಲ್ಲಾರ್ಗೂ ಸಿಕ್ತಾ?” ಎಂದು ಬೈರಪ್ಪ ಮೊಮ್ಮಗಳನ್ನೇ ಕೇಳಿದ. ಶೃತಿ ಮಾಸ್ಕಿನೊಳಗಿಂದ ಏನೋ ಹೇಳಿದಳು. ಅವನಿಗೆ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕಿಂತ, ಅವಳು ಬಾಯಿ ಮುಚ್ಚಿಕೊಂಡೇ ಉತ್ತರ ಕೊಟ್ಟಳಲ್ಲ, ಅದು ಅವನ ಮನಸ್ಸಿಗೆ ಚುಚ್ಚಿತು.

ಅವನ ಕಾಲದ ರಿವಾಜೇ ಬೇರೆ. ಅವನಪ್ಪ ದೊಡ್ಡರಂಗಪ್ಪನ ಎದುರು ಯಾರೂ ತಲೆಗೆ ಟವಲ್ ಸುತ್ತಿಕೊಂಡು ಮಾತಾಡುತ್ತಿರಲಿಲ್ಲ. ಹಿರಿಯರು ಎದುರಾದರೆ ಚಪ್ಪಲಿ ಬಿಡಬೇಕು, ತಲೆಯ ಟವಲ್ ಇಳಿದು ತೋಳಿನ ಮೇಲೆ ಬರಬೇಕು, ಮುಖ ಪೂರ್ತಿ ಕಾಣಬೇಕು. ಚಳಿಗೆ ಮುಸುಕು ಹಾಕಿಕೊಂಡು ಅಪ್ಪನಿಗೆ ಉತ್ತರ ಕೊಟ್ಟು ಬೈರಪ್ಪ ಚಿಕ್ಕಂದಿನಲ್ಲಿ ಕೆನ್ನೆ ಊದಿಸಿಕೊಂಡಿದ್ದ. ಆ ಪಾಠ ಅವನ ಮೈಯಲ್ಲಿ ಇಳಿದುಹೋಗಿತ್ತು.

“ಇಳ್ಸೇ ಅದ್ನ. ದೊಡ್ಡೋರ ತಾವ ಮಾತಾಡೋ ರೀತಿ ಇದೇನಾ?” ಎಂದು ಗದರಿದ. ಶೃತಿ ಹೆದರಿ ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡಳು. “ಎಲ್ಲಾರೂ ಕೇಳಿಸ್ಕಳಿ. ಕೂತಾಗ ಹಾಕ್ಕಂಡಿರಿ, ಬ್ಯಾಡ ಅನ್ನಲ್ಲ. ಮಿಸ್ಸು ಏನಾರ ಕೇಳಿದ್ರೆ, ದೊಡ್ಡೋರು ಮಾತಾಡ್ಸಿದ್ರೆ, ಎದ್ದು ನಿಂತು, ಇಳ್ಸಿ, ಬಾಯ್ತುಂಬ ಉತ್ರ ಕೊಡ್ಬೇಕು.”

ಭುವನಾ ಟೀಚರು ಹಿಂಜರಿಯುತ್ತಲೇ ಹೇಳಿದರು: “ಅಧ್ಯಕ್ಷರೇ, ಮಾತಾಡುವಾಗಲೇ ಮಾಸ್ಕ್ ಬೇಕಾಗಿರೋದು. ಸುಮ್ನೆ ಕೂತಾಗ ಬಾಯಿಂದ ಹೊರಗೆ ಬರೋದು ಕಡಿಮೆ. ಗಟ್ಟಿಯಾಗಿ ಓದಿದಾಗ, ಹಾಡಿದಾಗಲೇ ತುಂತುರು ಜಾಸ್ತಿ ಹಾರೋದು.”

“ಮೇಡಮ್ಮೋರೇ, ದಿನವೆಲ್ಲ ಕಟ್ಕಂಡಿರ್ತವೆ. ಒಂದು ಗಳಿಗೆ ಇಳ್ಸಿದ್ರೆ ಯಾರ ಗಂಟು ಹೋಗ್ತೈತೆ? ನಾಳೆ ಕೊರೊನಾ ಹೋಗ್ತೈತೆ, ಕಲ್ತ ಮರ್ವಾದೆ ಉಳೀತೈತೆ.”

ಹಿರಿಯ ಮನುಷ್ಯ, ಮೇಲಾಗಿ ಅಧ್ಯಕ್ಷ. ಟೀಚರು ಮುಂದೆ ಮಾತಾಡಲಿಲ್ಲ. ಮಕ್ಕಳು ಮಾತ್ರ ಆ ನಿಯಮವನ್ನು ಬೇಗ ಕಲಿತರು. ಹೆಸರು ಕೂಗಿದ ಕೂಡಲೇ ಎದ್ದು ನಿಂತು, ಒಂದು ಬೆರಳಿನಿಂದ ಮಾಸ್ಕ್ ಕೆಳಗೆಳೆದು, ಮಗ್ಗಿಯನ್ನು ಗಂಟಲು ಹರಿಯುವಂತೆ ಹೇಳಿ, ಮತ್ತೆ ಮೇಲೆಳೆದುಕೊಂಡು ಕೂರುತ್ತಿದ್ದರು. ದೀಪಾವಳಿಗೆ ಮುಂಚೆ ಬಂದು ಸೇರಿಕೊಂಡ ಚಿಕ್ಕ ತರಗತಿಗಳ ಮಕ್ಕಳೂ ಅದನ್ನೇ ನೋಡಿ ಕಲಿತರು. ನೋಡಿದವರು “ಶಿಸ್ತು ಅಂದ್ರೆ ಇದು ಕಣಪ್ಪ” ಎಂದು ಮೆಚ್ಚಿದರು. ಬೈರಪ್ಪನಿಗೆ ಎದೆ ಉಬ್ಬಿತು. ಶಿಸ್ತು ಏನೋ ಚೆನ್ನಾಗಿತ್ತು, ಅದು ಯಾರನ್ನೂ ಕಾಯುತ್ತಿರಲಿಲ್ಲ ಎನ್ನುವುದು ಮಾತ್ರ ಊರಿಗೆ ಹೊಳೆಯಲಿಲ್ಲ.

ಸಂಕ್ರಾಂತಿ ಬಂತು. ಪೇಟೆಗಳಲ್ಲಿ ಮೂರನೆಯ ಅಲೆ ಎದ್ದಿದೆ ಎಂದು ಟಿ.ವಿ. ಬಡಿದುಕೊಳ್ಳುತ್ತಿತ್ತು. ಊರಿನಲ್ಲಿ ಮಕ್ಕಳು ಮೂಗು ಒರೆಸಿಕೊಂಡು ಓಡಾಡುತ್ತಿದ್ದರು. “ಚಳಿಗಾಲದ ನೆಗಡಿ, ಬುಡು” ಎಂದರು ಮನೆಯವರು. ಶಾಲೆಯಲ್ಲಿ ಗಣರಾಜ್ಯ ದಿನಕ್ಕೆ ಭಾಷಣದ ತಯಾರಿ ನಡೆದಿತ್ತು. ಚಳಿಗಾಳಿಗೆ ಕಿಟಕಿ ಮುಚ್ಚಿದ ಕೋಣೆ. ಒಬ್ಬರಾದ ಮೇಲೆ ಒಬ್ಬರು ಮೇಜಿನ ಪಕ್ಕ ಅದೇ ಜಾಗದಲ್ಲಿ ನಿಂತು, ಮಾಸ್ಕ್ ಇಳಿಸಿ, “ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುಗಳೇ” ಎಂದು ಕೂಗುವುದು. ಶೃತಿಯ ಸರದಿಗೆ ಮುಂಚೆ ನಿಂತ ಮಗು ಎರಡು ಸಾಲಿಗೊಮ್ಮೆ ಕೆಮ್ಮುತ್ತಿತ್ತು. ಬೈರಪ್ಪ ಒಂದು ದಿನ ಬಾಗಿಲಲ್ಲಿ ನಿಂತು ಮೊಮ್ಮಗಳ ಭಾಷಣ ಕೇಳಿದ. ಅವಳ ದನಿ ಕಾಂಪೌಂಡು ದಾಟಿ ರಸ್ತೆಗೂ ಕೇಳುತ್ತಿತ್ತು. ಹೆಮ್ಮೆಯಿಂದ ಕಣ್ಣು ಒರೆಸಿಕೊಂಡ.

ಮನೆಯಲ್ಲಿ ಹುಣಸೆಹಣ್ಣಿನ ಕೆಲಸ ಶುರುವಾಗಿತ್ತು. ಕೆಂಚಮ್ಮ ಪಡಸಾಲೆಯಲ್ಲಿ ಕೂತು ಹಣ್ಣು ಬಿಡಿಸಿ ಬೀಜ ತೆಗೆಯುವಳು. ಶೃತಿ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ಭಾಷಣ ಒಪ್ಪಿಸುವಳು. “ಇನ್ನೊಂದ್ ಕಿತ ಹೇಳವ್ವ, ಇನ್ನೂ ಗಟ್ಟಿಯಾಗಿ. ಜನ ಕೇಳ್ಬೇಕು” ಎನ್ನುವಳು ಅಜ್ಜಿ.

ಒಂದು ಬೆಳಗ್ಗೆ ಶೃತಿಗೆ ಮೈ ಬಿಸಿ. ಮಾರನೆಯ ದಿನಕ್ಕೆ ಇಳಿಯಿತು. ಅಷ್ಟರಲ್ಲಿ ಕೆಂಚಮ್ಮನ ಎದೆ ಸೀಟಿ ಹೊಡೆಯತೊಡಗಿತು. ಹುಣಸೆಯ ಧೂಳಿಗೆ ಉಬ್ಬಸ ಕೆರಳಿರಬೇಕು ಎಂದುಕೊಂಡರು. ಕಷಾಯ ಕೊಟ್ಟರು, ಮಾತ್ರೆ ಕೊಟ್ಟರು, ಬಿಸಿನೀರಿನ ಆವಿ ಕೊಟ್ಟರು. ಪರೀಕ್ಷೆ ಮಾಡಿಸುವುದು ಯಾರಿಗೂ ಹೊಳೆಯಲಿಲ್ಲ. ಇಷ್ಟು ಕಾವಲು ಕಾದ ಮನೆಗೆ ಆ ಕಾಯಿಲೆ ಬರಲು ದಾರಿಯಾದರೂ ಎಲ್ಲಿದೆ ಎನ್ನುವ ಧೈರ್ಯ. ಮೂರನೆಯ ದಿನ ಅವಳ ತುಟಿ ನೀಲಿಗಟ್ಟಿದಾಗ ಆಶಾರಾಣಿ ಕಿರುಚಿ ನೂರಾ ಎಂಟಕ್ಕೆ ಫೋನ್ ಮಾಡಿದಳು.

ಮಧುಗಿರಿಯ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಕೊರೊನಾ ಎಂದರು. ಉಸಿರು ಬಹಳ ಇಳಿದಿದೆ, ತುಮಕೂರಿಗೆ ಸಾಗಿಸಬೇಕು ಎಂದರು. ಆಂಬುಲೆನ್ಸಿಗೆ ಹತ್ತಿಸುವಾಗ ಬೈರಪ್ಪ ಸ್ವಲ್ಪ ದೂರದಲ್ಲಿ ನಿಂತಿದ್ದ. ಕೆಂಚಮ್ಮ ಅವನನ್ನು ನೋಡಿದಳು. ಏನೋ ಹೇಳಬೇಕು ಎಂದು ಮುಖದ ಮೇಲಿನ ಆಮ್ಲಜನಕದ ಮಾಸ್ಕಿಗೆ ಕೈ ಹಾಕಿದಳು. “ಬ್ಯಾಡ, ಬ್ಯಾಡ, ಇಳಿಸ್ಬ್ಯಾಡ ಕಣಮ್ಮಿ!” ಎಂದು ಬೈರಪ್ಪ ಕೂಗಿಕೊಂಡ. ನರ್ಸು ಆ ಕೈಯನ್ನು ಹಿಡಿದು ಕೆಳಗಿಟ್ಟರು. ಅವಳು ಮಾಸ್ಕಿನೊಳಗಿಂದಲೇ ಏನೋ ಹೇಳಿದಳು. ಅವನಿಗೆ ಕೇಳಲಿಲ್ಲ. ಬಾಗಿಲು ಮುಚ್ಚಿತು.

ವಾರ ತುಂಬುವುದರೊಳಗೆ ಕೆಂಚಮ್ಮ ಹೋದಳು. ಊರಿಗೆ ಬಂದದ್ದು ಬಟ್ಟೆಯಲ್ಲಿ ಸುತ್ತಿದ ಮೈ. ಹೊಲದ ಬದಿಯಲ್ಲಿ ಮಗ ರಂಗೇಶ್ ಸೇರಿ ನಾಲ್ಕು ಜನ ಮಣ್ಣು ಮಾಡಿದರು. ಬೈರಪ್ಪ ಅಳಲಿಲ್ಲ. ಅಳು ಬರಲಿಲ್ಲ ಎಂದಲ್ಲ, ಒಳಗೆ ಎಲ್ಲೋ ಸಿಕ್ಕಿಕೊಂಡು ಬಿಟ್ಟಿತ್ತು.

ಶಾಲೆಯಲ್ಲಿ ಪರೀಕ್ಷೆ ಮಾಡಿದಾಗ ಬಹಳಷ್ಟು ಮಕ್ಕಳಿಗೆ ಸೋಂಕು ಇತ್ತು. ಮಕ್ಕಳೆಲ್ಲ ನೆಗಡಿ ಬಂದು ಹೋದಷ್ಟು ಸಲೀಸಾಗಿ ಚೇತರಿಸಿಕೊಂಡರು. ಶಾಲೆಯನ್ನು ಕೆಲವು ದಿನ ಮುಚ್ಚಿದರು. ಭಾಷಣಗಳು ಹಾಗೇ ಉಳಿದವು.

ತಿಥಿ ಕಾರ್ಯದ ದಿನ ಜನ ಹೆಚ್ಚಿರಲಿಲ್ಲ. ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ ಪಿಸುಗುಟ್ಟಿದಳು: “ಮದ್ಲು ಮಗೀಗೆ ಬಂದಿತ್ತಂತೆ ಕಣಕ್ಕ. ಅದ್ರಿಂದ್ಲೇ ಅಜ್ಜೀಗೆ.” ನೀರಿನ ಬಿಂದಿಗೆ ಹಿಡಿದು ಬರುತ್ತಿದ್ದ ಶೃತಿ ನಿಂತಲ್ಲೇ ನಿಂತಳು. ಬೈರಪ್ಪ ಕಂಬದ ಮರೆಯಿಂದ ಅದನ್ನು ನೋಡಿದ.

ಆ ಸಂಜೆ ಸಣ್ಣರಂಗಯ್ಯ ಬಂದ. ಬೈರಪ್ಪನ ಓರಗೆಯವನು, ಎದುರು ಮನೆಯವನು. ಎರಡನೆಯ ಅಲೆಯಲ್ಲಿ ಆಸ್ಪತ್ರೆಯ ಮಂಚದ ಮೇಲೆ ಸಾವಿನ ಜೊತೆ ಗುದ್ದಾಡಿ ಉಳಿದು, ಆಮೇಲೆ ಕೊಳಾಲದಲ್ಲಿರುವ ಮಗಳ ಮನೆಯಲ್ಲಿ ಸುಧಾರಿಸಿಕೊಂಡು ಈಗಷ್ಟೇ ಊರಿಗೆ ಬಂದಿದ್ದ. ಈಗಲೂ ನಾಲ್ಕು ಹೆಜ್ಜೆ ಇಟ್ಟರೆ ನಿಂತು ಉಸಿರು ಎಳೆದುಕೊಳ್ಳಬೇಕು. ಜಗಲಿಯ ಆ ತುದಿಯಲ್ಲಿ, ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಹಾಕಿಕೊಂಡೇ ಕೂತ.

“ಸಾವಿನ ಮನೇಲೂ ಮುಸುಕೇನ್ಲಾ? ನಿನ್ನ ಮುಖನಾದ್ರೂ ತೋರ್ಸು” ಎಂದ ಬೈರಪ್ಪ.

“ಇಳ್ಸಲ್ಲ ಕಣ್ಲಾ ಬೈರ. ನಿನ್ ತಾವ ಮಾತಾಡಕ್ಕೆ ಬಂದಿವ್ನಿ. ಮಾತಾಡಕ್ಕೇ ಇದ್ನ ಕಟ್ಕಂಡಿರೋದು. ಸುಮ್ಕೆ ಕೂರೋದಾದ್ರೆ ನಮ್ಮನೇಲೇ ಕೂತಿರ್ತಿದ್ದೆ.” ಸಣ್ಣರಂಗಯ್ಯ ಉಸಿರು ಎಳೆದುಕೊಂಡ. “ಇಸ್ಕೂಲಲ್ಲಿ ಮಾತಾಡುವಾಗ ಇಳ್ಸಿ ಅಂತ ನೀನೇ ಹೇಳಿದ್ದಂತೆ. ನಿಜವಾ?”

“ಹೂಂ. ದೊಡ್ಡೋರ್ಗೆ ಮರ್ವಾದೆ ಕೊಡ್ಲಿ ಅಂತ.”

“ರಾಗಿ ತೂರುವಾಗ ಮೂಗಿಗೆ ಟವಲ್ ಕಟ್ಕತೀಯೋ ಇಲ್ವೋ?”

“ಕಟ್ಕತೀನಿ. ಧೂಳು ಬತ್ತೈತಲ್ಲ.”

“ಮೊರ ಎತ್ತಿ ತೂರೋ ಹೊತ್ಗೆ ಟವಲ್ ಬಿಚ್ಬುಟ್ಟು, ಕೆಲ್ಸ ಮುಗ್ಸಿ ನೆಳ್ಳಾಗೆ ಕೂತಾಗ ಬಿಗಿಯಾಗಿ ಕಟ್ಕಂಡ್ರೆ, ನೋಡ್ದೋರು ಏನಂತಾರೆ?”

“ಹುಚ್ಚ ಅಂತಾರೆ” ಎಂದ ಬೈರಪ್ಪ.

“ನೀನ್ ಮಕ್ಕಳಿಗೆ ಹೇಳ್ಕೊಟ್ಟಿದ್ದು ಅದೇ ಕಣ್ಲಾ” ಎಂದ ಸಣ್ಣರಂಗಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. “ನಾನು ಮಲಗಿದ್ದಾಗ ಡಾಕ್ಟ್ರು ಹೇಳೋರು. ಈ ಕಾಯಿಲೆ ಉಸಿರಿನ ಜೊತೆ, ಎಂಜಲಿನ ಹನಿ ಜೊತೆ ಹೊರಕ್ಕೆ ಬತ್ತೈತೆ. ಮಾತಾಡಿದ್ರೆ ಜಾಸ್ತಿ, ಕೂಗಿದ್ರೆ ಇನ್ನೂ ಜಾಸ್ತಿ. ಕಣ್ಣಿಗೆ ಕಾಣಲ್ಲ, ಅಷ್ಟೆ. ಬಟ್ಟೆ ಇದ್ರೆ ಹೊರಕ್ಕೆ ಹೋಗೋದು ಬಟ್ಟೇಲೇ ಬೋ ಪಾಲು ನಿಲ್ತೈತೆ, ಒಳಕ್ಕೆ ಬರೋದೂ ಒಂದಷ್ಟು ತಪ್ತೈತೆ. ಮಕ್ಕಳಿಗೆ ಬಂದ್ರೂ ಅವು ಆಡ್ಕಂಡಿರ್ತವೆ. ಮನೇಗೆ ತಂದಾಗ ನಮ್ಮಂಥೋರು, ಕೆಂಚಮ್ಮನಂಥೋರು ತಡ್ಕಳಕ್ಕಾಗಲ್ಲ.”

ಬೈರಪ್ಪ ಕೇಳಿದ: “ಮಾಸ್ಕ್ ಇಳಿಸ್ದೆ ಇದ್ದಿದ್ರೆ... ಅವ್ಳು ಉಳೀತಿದ್ಲೇನ್ಲಾ?”

ಸಣ್ಣರಂಗಯ್ಯ ಸುಳ್ಳು ಹೇಳುವ ಮನುಷ್ಯನಲ್ಲ. “ನಂಗೊತ್ತಿಲ್ಲ ಕಣ್ಲಾ. ಯಾರಿಗೂ ಗೊತ್ತಾಗಲ್ಲ. ಟವಲ್ ಕಟ್ಕಂಡ್ರೂ ಒಂದಿಷ್ಟು ಧೂಳು ಮೂಗಿಗೆ ಹೋಗೇ ಹೋಗ್ತೈತೆ. ಅದ್ಕೇ ಲಸಿಕೆನೂ ಬೇಕು, ಕಿಟಕಿನೂ ತೆಗ್ದಿರ್ಬೇಕು ಅನ್ನೋದು. ಆದ್ರೆ ಟವಲ್ ಕಟ್ಕಳ್ದೆ ತೂರ್ದೋನು ರಾತ್ರಿಯೆಲ್ಲ ಕೆಮ್ತಾನೆ ಅನ್ನೋದು ಮಾತ್ರ ನಿಂಗೂ ಗೊತ್ತು, ನಂಗೂ ಗೊತ್ತು.”

ಬೈರಪ್ಪ ಬೀದಿಯ ಬಾಗಿಲನ್ನು ಎಷ್ಟೊಂದು ಕಾದಿದ್ದ! ನೆಂಟರನ್ನು ತಡೆದ, ಬಳೆಗಾರ್ತಿಯನ್ನು ತಡೆದ, ಹೆತ್ತ ಮಗನನ್ನೇ ತಡೆದ. ಕಾಯಿಲೆಗೆ ದಾರಿಯನ್ನು ಮಾತ್ರ ತಾನೇ ಶಾಲೆಯಲ್ಲಿ ನಿಂತು, ನಾಲ್ಕು ಜನರ ಮುಂದೆ, ಮರ್ಯಾದೆಯ ಹೆಸರಿನಲ್ಲಿ ಬಿಟ್ಟುಕೊಟ್ಟಿದ್ದ.

ಆಶಾರಾಣಿ ಅತ್ತೆ ಹೋದ ದಿನವೇ ತೀರ್ಮಾನ ಮಾಡಿಬಿಟ್ಟಿದ್ದಳು. “ಇಸ್ಕೂಲೂ ಬ್ಯಾಡ, ಏನೂ ಬ್ಯಾಡ ಮಾವ. ಇದೊಂದು ಮಗಾನಾದ್ರೂ ನಮಗೆ ಉಳ್ಕಳ್ಳಿ. ಮನೇಲೇ ಇರ್ಲಿ.”

ಮನೆಯಲ್ಲಿ ಇದ್ದ ಮಗುವಿನ ಸ್ಥಿತಿಯಾದರೂ ಹೇಗಿತ್ತು? ಶೃತಿ ಬಾಯಿಯ ಮಾಸ್ಕನ್ನು ತೆಗೆಯುತ್ತಲೇ ಇರಲಿಲ್ಲ. ಮನೆಯೊಳಗೂ ಹಾಕಿಕೊಂಡಿರುತ್ತಿದ್ದಳು, ಮಲಗುವಾಗಲೂ ಹಾಕಿಕೊಂಡಿರುತ್ತಿದ್ದಳು. ತಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದಳು. ಯಾರ ಜೊತೆಯೂ ಮಾತಿಲ್ಲ. ಊರಿಗೆಲ್ಲ ಕೇಳುವಂತೆ ಭಾಷಣ ಹೇಳುತ್ತಿದ್ದ ಹುಡುಗಿ, ತಲೆ ಅಲ್ಲಾಡಿಸಿ ಹೂಂ, ಊಹೂಂ ಎನ್ನುವಷ್ಟಕ್ಕೆ ಬಂದು ನಿಂತಿದ್ದಳು.

ಬೈರಪ್ಪ ಒಂದು ಮಧ್ಯಾಹ್ನ ತನ್ನ ತಟ್ಟೆಯನ್ನೂ ಎತ್ತಿಕೊಂಡು ಹಿತ್ತಲಿಗೆ ಹೋದ. ಅವಳಿಂದ ಒಂದಿಷ್ಟು ದೂರದಲ್ಲಿ ಕೂತ. ಶೃತಿ ಉಣ್ಣುವುದನ್ನು ಬಿಟ್ಟು ಮಾಸ್ಕ್ ಏರಿಸಿಕೊಂಡಳು.

“ಇಲ್ಲಿ ಬ್ಯಾಡ ಕಣವ್ವ. ಬಯಲು, ಗಾಳಿ ಆಡ್ತೈತೆ. ನಿಂಗೆ ಕಾಯಿಲೆ ಬಂದು ವಾಸಿನೂ ಆಯ್ತು. ಉಣ್ಣು.”

ಶೃತಿ ಅಲ್ಲಾಡಲಿಲ್ಲ. ಮಾಸ್ಕಿನೊಳಗಿಂದ ಒಂದು ಸಣ್ಣ ದನಿ ಬಂತು. “ತಾತ, ಅಜ್ಜೀನ ನಾನೇ ಸಾಯ್ಸಿದ್ನಾ?”

ಬೈರಪ್ಪನ ಕೈಯ ಮುದ್ದೆ ಕೈಯಲ್ಲೇ ಉಳಿಯಿತು. ಎಷ್ಟೋ ದಿನದಿಂದ ಒಳಗೆ ಸಿಕ್ಕಿಕೊಂಡಿದ್ದ ಅಳು ಅವತ್ತು ಬಿಟ್ಟುಕೊಂಡಿತು. ಮೊಮ್ಮಗಳ ಮುಂದೆ ಗಂಡಸು ಅಳಬಾರದು ಎನ್ನುವ ರಿವಾಜನ್ನೂ ಅವನು ಮರೆತ.

“ಇಲ್ಲ ಕಣವ್ವ. ನಿನ್ನಾಣೆಗೂ ಇಲ್ಲ. ನೀನು ತಾತ ಹೇಳಿದ್ ಮಾತು ಕೇಳ್ದೆ, ಅಷ್ಟೇ. ಇಳ್ಸು ಅಂದೋನು ನಾನು. ನಿಮ್ಮ ಮಿಸ್ಸು ಬ್ಯಾಡ ಅಂದ್ರೂ ಕಿವಿ ಮ್ಯಾಲೆ ಹಾಕ್ಕಳ್ದೋನು ನಾನು. ಗಾಳೀಲಿ ಬರೋ ಕಾಯಿಲೆ, ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಯಾರಾನ ನಿನ್ನಿಂದ ಬಂತು ಅಂದ್ರೆ ನನ್ ತಾವ ಕಳ್ಸು, ನಾನು ಉತ್ರ ಹೇಳ್ತೀನಿ.”

“ಮತ್ತೆ ನಾನು ಇಸ್ಕೂಲಿಗೆ ಹೋದ್ರೆ ನಿಂಗೂ ಬತ್ತೈತೆ ತಾತ.”

ಅವಳು ಬಾಯಿ ಮುಚ್ಚಿಕೊಂಡು ಕೂತದ್ದು ಇದಕ್ಕೆ. ಉಳಿದಿರುವ ತಾತನಾದರೂ ಉಳಿಯಲಿ ಎಂದು. ಬೈರಪ್ಪ ಕೈ ತೊಳೆದುಕೊಂಡು ಬಂದು ಅವಳ ತಲೆ ಸವರಿದ. ಮಾರನೆಯ ಬೆಳಗ್ಗೆಯೇ ಹೋಗಿ ತನಗೆ ಬಾಕಿ ಇದ್ದ ಎರಡನೆಯ ಲಸಿಕೆಯನ್ನು ಹಾಕಿಸಿಕೊಂಡ. ಹೆಂಡತಿಗೆ ಹಾಕಿಸದೆ ಉಳಿದದ್ದು ನೆನಪಾಗಿ, ಸೂಜಿ ಚುಚ್ಚಿದ್ದಕ್ಕಿಂತ ಅದು ಹೆಚ್ಚು ನೋಯಿತು.

ಶಾಲೆ ಮತ್ತೆ ತೆರೆಯುವ ದಿನ ಬೈರಪ್ಪ ಮಕ್ಕಳ ತಂದೆತಾಯಿಯರನ್ನೆಲ್ಲ ಶಾಲೆಯ ಬಯಲಿಗೆ ಕರೆಸಿದ. ಆಶಾರಾಣಿಯನ್ನೂ ಒತ್ತಾಯ ಮಾಡಿ ಕರೆತಂದ. ಶೃತಿ ಅಮ್ಮನ ಸೆರಗು ಹಿಡಿದು ನಿಂತಿದ್ದಳು. ಬೈರಪ್ಪ ಮಾಸ್ಕ್ ಹಾಕಿಕೊಂಡೇ ಎದ್ದು ನಿಂತ.

“ಅವತ್ತು ಮಾತಾಡುವಾಗ ಇಳ್ಸಿ ಅಂದಿದ್ದೆ. ಆ ಮಾತು ವಾಪಸ್ ತಗತೀನಿ. ಇನ್ಮ್ಯಾಕೆ ಮಾತಾಡುವಾಗ್ಲೇ ಮಾಸ್ಕ್ ಇರ್ಬೇಕು. ನನ್ ತಾವ ಆಗ್ಲಿ, ಯಾವ ಸಾಹೇಬ್ರ ತಾವ ಆಗ್ಲಿ.”

ಕದಿರಯ್ಯ ಎನ್ನುವವನು ಎದ್ದ. ಮೂರನೇ ತರಗತಿಯ ಮಗುವಿನ ತಂದೆ. “ಅಧ್ಯಕ್ಷರೇ, ಅವತ್ತು ನೀವೇ ಇಳ್ಸಿ ಅಂದ್ರಿ, ಇವತ್ತು ನೀವೇ ಹಾಕಿ ಅಂತೀರಿ. ನಾವು ಯಾವ್ದ ಕೇಳಾನ? ಮಕ್ಕಳಿಗೆ ಉಸ್ರು ಕಟ್ಟಲ್ವಾ?”

“ಅವತ್ತಿನದು ನಂಗೆ ಗೊತ್ತಿಲ್ದೆ ಹೇಳಿದ್ದು ಕದಿರಯ್ಯ. ಇವತ್ತಿನದು ಕಳ್ಕಂಡು ಹೇಳ್ತಿರೋದು. ಇದ್ನ ಕೇಳು.”

ಉಸಿರಿನ ಪ್ರಶ್ನೆಗೆ ಭುವನಾ ಟೀಚರು ಉತ್ತರ ಕೊಟ್ಟರು. ಈ ಸಲ ಅವರು ಹಿಂಜರಿಯಲಿಲ್ಲ. “ಹತ್ತಿ ಬಟ್ಟೆಯ ಮಾಸ್ಕಿನಲ್ಲಿ ಉಸಿರಾಟಕ್ಕೆ ತೊಂದರೆ ಆಗಲ್ಲಪ್ಪ. ಸೆಕೆ ಆಗುತ್ತೆ, ಕಿರಿಕಿರಿ ಆಗುತ್ತೆ, ಅದು ನಿಜ. ಅದಕ್ಕೆ ಆಗಾಗ ಮಕ್ಕಳನ್ನ ಬಯಲಿಗೆ ಬಿಡ್ತೀವಿ. ಅಲ್ಲಿ ದೂರ ದೂರ ನಿಂತು ತೆಗೆದು ಉಸಿರಾಡಲಿ. ಓಡುವಾಗ, ಆಟ ಆಡುವಾಗ ಬೇಡ. ಉಬ್ಬಸ ಇರೋ ಮಗು ಇದ್ದರೆ ನನಗೆ ಹೇಳಿ, ಡಾಕ್ಟರನ್ನ ಕೇಳಿ ಮಾಡೋಣ. ಅಂಗನವಾಡಿಯ ಪುಟಾಣಿಗಳಿಗೆ ಬೇಡವೇ ಬೇಡ. ಚಳಿ ಇದ್ದರೂ ಕಿಟಕಿ ತೆಗೆದೇ ಇರ್ತೀವಿ, ಸ್ವೆಟರ್ ಹಾಕಿ ಕಳಿಸಿ.”

“ಬಿಸಿಯೂಟಕ್ಕೆ ತೆಗೀಲೇಬೇಕಲ್ಲ ಮೇಡಂ?” ಎಂದು ಕೇಳಿದಳು ಆಶಾರಾಣಿ. ಅವಳ ಕಣ್ಣಿನಲ್ಲಿ ಇನ್ನೂ ಅನುಮಾನ ಇತ್ತು.

“ತೆಗೀಲೇಬೇಕು. ಅದಕ್ಕೆ ಊಟ ಹೊರಗಡೆ, ಮರದ ಕೆಳಗೆ, ದೂರ ದೂರ ಕೂತು. ಉಣ್ಣುವಾಗ ಮಾತಿಲ್ಲ. ನೂರಕ್ಕೆ ನೂರು ಬರೋದೇ ಇಲ್ಲ ಅಂತ ನಾನು ಹೇಳಲ್ಲಮ್ಮ. ಕಡ್ಮೆ ಮಾಡೋಣ. ಶಾಲೆನೇ ಬೇಡ ಅಂದ್ರೆ ಈ ಮಕ್ಕಳ ಓದು ಹಾಳಾಗೋದನ್ನ ಹೋದ ವರ್ಷ ನೋಡಿದ್ದೀವಲ್ಲ.”

ಆಶಾರಾಣಿ ಮಗಳ ಮುಖ ನೋಡಿದಳು. ಬೈರಪ್ಪ ಶೃತಿಯನ್ನು ಕರೆದ.

“ಭಾಷಣ ನೆನಪೈತೇನವ್ವಾ? ಹೇಳು. ಹಾಕ್ಕಂಡೇ ಹೇಳು.”

ಶೃತಿ ಬಂದು ಮುಂದೆ ನಿಂತಳು. ಎಷ್ಟೋ ದಿನದಿಂದ ಬಳಸದ ಗಂಟಲು. ಮೇಲೆ ಮಾಸ್ಕ್ ಬೇರೆ. ಮೊದಲ ಮಾತು ಎದುರಿಗಿದ್ದವರಿಗೂ ಕೇಳಲಿಲ್ಲ. ಬೈರಪ್ಪನ ಬಾಯಿಗೆ ‘ಇಳ್ಸೇ’ ಎನ್ನುವ ಹಳೆಯ ಮಾತು ಬಂದೇಬಿಟ್ಟಿತ್ತು, ನುಂಗಿಕೊಂಡ. ತಾನೇ ಎರಡು ಹೆಜ್ಜೆ ಮುಂದೆ ಹೋಗಿ, ಕಿವಿಗೆ ಕೈ ಅಡ್ಡ ಹಿಡಿದು ನಿಂತ. ಅವನನ್ನು ನೋಡಿ ಹೆಂಗಸರು ಪಿಸುಮಾತು ನಿಲ್ಲಿಸಿದರು. ಮಕ್ಕಳು ಗಲಾಟೆ ನಿಲ್ಲಿಸಿದರು. ಕದಿರಯ್ಯ ಫೋನನ್ನು ಜೇಬಿಗೆ ಹಾಕಿಕೊಂಡ. ಶೃತಿ ಇನ್ನೊಮ್ಮೆ ಮೊದಲಿನಿಂದ ಶುರು ಮಾಡಿದಳು. ಈಗ ಕೇಳಿಸಿತು. ಕಟ್ಟಕಡೆಯ ಸಾಲಿನಲ್ಲಿ ನಿಂತ ಸಣ್ಣರಂಗಯ್ಯನಿಗೂ ಕೇಳಿಸಿತು.

ಭಾಷಣ ಮುಗಿಯುವ ಹೊತ್ತಿಗೆ ಆಶಾರಾಣಿ ಅಳುತ್ತಿದ್ದಳು. “ನಾಳೆಯಿಂದ ಕಳಿಸ್ತೀನಿ ಮಾವ” ಎಂದಳು. “ದಿನಕ್ಕೊಂದು ತೊಳ್ದಿರೋದು ಇರ್ಬೇಕು, ಇನ್ನೂ ನಾಕು ಹೊಲೀತೀನಿ.” ಕದಿರಯ್ಯ ಹತ್ತಿರ ಬಂದು, “ನನ್ ಮಗೀಗೂ ಒಂದೆರಡು ಹೊಲ್ಕೊಡಮ್ಮ” ಎಂದ. ಬೈರಪ್ಪ ಒಬ್ಬನೇ ಮನೆಗೆ ಹೋದ. ಮೊಮ್ಮಗಳು ಮಾತಾಡಿದಳು ಎಂದು ಓಡಿಹೋಗಿ ಹೇಳುವುದಕ್ಕೆ ಅಲ್ಲಿ ಕೆಂಚಮ್ಮ ಇರಲಿಲ್ಲ.

ಕಥೆ ಕೇಳಿದ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಕೆಂಚಮ್ಮ ಇರಬಹುದು. ಉಬ್ಬಸದವರೋ, ಸಕ್ಕರೆ ಕಾಯಿಲೆಯವರೋ, ಸುಮ್ಮನೆ ವಯಸ್ಸಾದವರೋ. ಉಸಿರಿನಲ್ಲಿ ಹರಡುವ ಇಂಥ ಕಾಯಿಲೆ ಊರಿಗೆ ಬಂದಾಗ, ಮಾಸ್ಕ್ ಹಾಕಿ ಎಂದು ಆರೋಗ್ಯ ಇಲಾಖೆಯವರು ಹೇಳಿದಾಗ, ಮಗುವಿಗೆ ಮಾಸ್ಕ್ ಹಾಕಿ ಶಾಲೆಗೆ ಕಳಿಸಿ. ಮೂಗೂ ಮುಚ್ಚಿರಲಿ, ಬಾಯಿಯೂ ಮುಚ್ಚಿರಲಿ. ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳುವುದು ಬೇಡ. ಸಂಜೆ ಸೋಪು ಹಾಕಿ ತೊಳೆದು ಬಿಸಿಲಿಗೆ ಒಣಗಿಸಿ. ಮಗುವಿಗೆ ಕೆಮ್ಮು, ಜ್ವರ ಇದ್ದರೆ ಆ ದಿನ ಮನೆಯಲ್ಲೇ ಇರಿಸಿಕೊಂಡು ಪರೀಕ್ಷೆ ಮಾಡಿಸಿ. ಹಿರಿಯರ ಲಸಿಕೆಯನ್ನು ನಾಳೆಗೆ ನೂಕಬೇಡಿ.

ಮಗು ಮಾಸ್ಕಿನೊಳಗಿಂದ ನಿಮ್ಮನ್ನು ಮಾತಾಡಿಸಿದರೆ, ಇಳಿಸು ಎಂದು ಗದರಬೇಡಿ. ಕೇಳಿಸಲಿಲ್ಲವೇ? ನೀವು ಸುಮ್ಮನಾಗಿ, ಇನ್ನೊಮ್ಮೆ ಹೇಳು ಮಗಾ ಎನ್ನಿ. ಅದು ನಿಮಗೆ ಕೊಡುತ್ತಿರುವ ಮರ್ಯಾದೆ ಕಡಿಮೆಯಾಗಿಲ್ಲ. ನೀವು ಬದುಕಿರಲಿ ಎಂದೇ ಅದು ಬಾಯಿ ಮುಚ್ಚಿಕೊಂಡು ಮಾತಾಡುತ್ತಿದೆ.